ಆರಿದ ಟಾರ್ಚಿನ ಸಾಕ್ಷಿ

ಡಬ್ಬಿ ಇತ್ತು. ಡಬ್ಬಿಯೊಳಗೆ ಮಖಮಲ್ಲಿನ ಗುಳಿಯೂ ಇತ್ತು. ಗಡಿಯಾರ ಮಾತ್ರ ಇರಲಿಲ್ಲ.

ರಿಪೇರಿ ಅಂಗಡಿಯ ಮಾಲೀಕ ಡಬ್ಬಿಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದ. ಖಾಲಿ ಡಬ್ಬಿ ಅಲ್ಲಾಡಿಸಿದರೆ ಏನು ಬೀಳುತ್ತದೆ? ಮಾಲೀಕನ ಮುಖ ಬಿತ್ತು.

"ಅದು ನಮ್ಮ ತಾತನ ಜೇಬುಗಡಿಯಾರ," ಎಂದರು ಕೌಂಟರಿನ ಆಚೆ ನಿಂತಿದ್ದ ಹಲ್ಲಿನ ಡಾಕ್ಟರಮ್ಮ. "ಸಂಜೆ ಬನ್ನಿ, ರೆಡಿ ಇರುತ್ತೆ ಅಂತ ನೀವೇ ಹೇಳಿದ್ರಿ."

ಒಳಕೋಣೆಯ ಬಾಗಿಲಲ್ಲಿ ಮಾಲೀಕನ ದೊಡ್ಡಪ್ಪ ಕಾಣಿಸಿಕೊಂಡರು. "ನಾನು ಯಾರ ಹೆಸರೂ ಹೇಳಲ್ಲಪ್ಪ. ಮಧ್ಯಾಹ್ನ ಕರೆಂಟ್ ಹೋದಾಗ ಬೆಳಕಿದ್ದದ್ದು ಯಾರ ಹತ್ರ? ಅಷ್ಟು ಯೋಚನೆ ಮಾಡು."

ಎಲ್ಲರೂ ರಿಪೇರಿ ಮೇಜಿನತ್ತ ತಿರುಗಿದರು. ಅಲ್ಲಿದ್ದದ್ದು ಹೊಸದಾಗಿ ಸೇರಿದ್ದ ಹುಡುಗಿ. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆಯುವುದನ್ನೂ ಮರೆತು ಕೂತಿದ್ದಳು.

"ಕಳ್ಳಿ," ಎಂದ ಮಾಲೀಕ. ಗಿರಾಕಿಯ ಎದುರಿಗೇ.

* * *

ಠಾಣೆಯ ಸಬ್ ಇನ್ಸ್‌ಪೆಕ್ಟರನಿಗೆ 'ರೇಡಿಯೊ' ಎಂದು ಅಡ್ಡಹೆಸರು. ಯಾರ ದನಿ ಕೇಳಿದರೂ ಅದೇ ದನಿಯಲ್ಲಿ ಮರುಪ್ರಸಾರ ಮಾಡುವ ಚಟ. ಮೇಲಧಿಕಾರಿಗಳನ್ನೂ ಬಿಟ್ಟವನಲ್ಲ. ಹಾಗಾಗಿ ಒಳ್ಳೆಯ ಸ್ಟೇಷನ್ ಇನ್ನೂ ಸಿಕ್ಕಿರಲಿಲ್ಲ.

ಅಂಗಡಿ ಮಹಡಿಯ ಮೇಲಿತ್ತು. ಧೂಳು ಬರಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿ ಅಂಟುಪಟ್ಟಿ ಬಡಿದಿದ್ದರು. ಮುಂದೆ ರಿಪೇರಿ ಕೋಣೆ. ಹಿಂದೆ ದೊಡ್ಡಪ್ಪನ ಗೋಡೆ ಗಡಿಯಾರಗಳ ಕೋಣೆ, ಅಲ್ಲೇ ನಂಬರ್ ಬೀಗದ ಕಪಾಟು; ರಿಪೇರಿ ಮುಗಿದ ಜೇಬುಗಡಿಯಾರವನ್ನು ಡಬ್ಬಿಗೆ ಹಾಕಿ ಇಟ್ಟದ್ದು ಅದರಲ್ಲೇ. ಬೀಗದ ನಂಬರ್ ಮೂವರಿಗೂ ಗೊತ್ತು. ಆದರೆ ಅಂಕಿ ತಿರುಗಿಸಲು ಬೆಳಕು ಬೇಕು. ಕರೆಂಟ್ ಹೋದರೆ ಹಾಡುಹಗಲಲ್ಲೂ ಅಲ್ಲಿ ಅಮಾವಾಸ್ಯೆ. ಅದಕ್ಕೇ ಮೇಜಿಗೊಂದು ರೀಚಾರ್ಜಬಲ್ ಟಾರ್ಚ್.

ರೇಡಿಯೊಗೆ ಮೊದಲ ಅನುಮಾನ ಮಾಲೀಕನ ಮೇಲೆ. ಆದರೆ ಕೆಳಗಡೆಯ ದರ್ಜಿ ಅದನ್ನು ಕತ್ತರಿಸಿ ಹಾಕಿದ.

"ಅವರಾ? ಕರೆಂಟ್ ಬರೋವರೆಗೂ ಮೀಟರ್ ಬೋರ್ಡ್ ಮುಂದೆ ನಿಂತು ಬೈತಾನೇ ಇದ್ರು ಸಾರ್. ಅವರಿಗೆ ಅಷ್ಟೊಂದು ಬೈಗುಳ ಬರುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ."

ಉಳಿದವರು ಇಬ್ಬರು.

"ಬೇರೊಂದು ಗಡಿಯಾರದ ಕೂದಲಿನಂಥ ಸ್ಪ್ರಿಂಗ್ ಚಿಮಟದಲ್ಲಿತ್ತು," ಎಂದಳು ಹುಡುಗಿ. "ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಕೂರಿಸ್ತಾ ಇದ್ದೆ. ಜಾಗ ಬಿಟ್ಟು ಏಳಲಿಲ್ಲ."

"ಟಾರ್ಚ್ ಚಾರ್ಜ್ ಮಾಡೋದು ಯಾರು?"

"ನಾನೇ. ದಿನಾ ಸಂಜೆ ಮೂರನ್ನೂ ಹಾಕ್ತೀನಿ. ಬೆಳಗ್ಗೆ ಹಸಿರು ದೀಪ ನೋಡಿ ಅವರವರ ಮೇಜಿಗೆ ಇಡ್ತೀನಿ."

"ದೊಡ್ಡಪ್ಪನ ಟಾರ್ಚ್ ಖಾಲಿ. ಬೇಕೂಂತಲೇ ಚಾರ್ಜ್ ಮಾಡಿಲ್ಲ ಅಂತಾರೆ ನಿಮ್ಮ ಮಾಲೀಕರು."

"ಮಾಡಿದ್ದೆ ಸಾರ್." ಅವಳ ದನಿ ಏರಲಿಲ್ಲ. "ಈ ಕಸುಬಲ್ಲಿ ಕೈಗಿಂತ ಮುಂಚೆ ಹೆಸರು ನೋಡ್ತಾರೆ. ಕಳ್ಳಿ ಅನ್ನಿಸಿಕೊಂಡ ಮೇಲೆ ಯಾರು ನನ್ನ ಕೈಗೆ ಗಡಿಯಾರ ಕೊಡ್ತಾರೆ?"

ದೊಡ್ಡಪ್ಪ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು. "ಫೋನ್ ಬೆಳಗ್ಗೇನೇ ಸತ್ತಿತ್ತು. ಟಾರ್ಚ್ ಹಾಕಿದೆ. ನೋಡ್ತಾ ನೋಡ್ತಾ ಹಳದಿಯಾಯ್ತು. ಆಮೇಲೆ ಕೆಂಪಗೆ, ಕೆಂಡದ ಹಾಗೆ. ಅಂಗೈಗೆ ತಟ್ಟಿದೆ, ಒಂದು ಗಳಿಗೆ ಜೀವ ಬಂತು. ಮತ್ತೆ ಆರೇಹೋಯ್ತು. ಕತ್ತಲಲ್ಲೇ ಕೂತೆ. ಯಾರೋ ಬಂದು ಹೋದ ಸದ್ದಾಯ್ತು. ಕಪಾಟು ಮರೆಯಲ್ಲಿದೆ, ಕಾಣಲಿಲ್ಲ."

ಮನ ಕರಗುವ ಹಾಗೆ ಹೇಳಿದರು. ಆ ಕೆಂಡ ರೇಡಿಯೊಗೂ ಕಂಡಿತು.

* * *

ಮರುದಿನ ಠಾಣೆಯಲ್ಲಿ ರೇಡಿಯೊ ದೊಡ್ಡಪ್ಪನ ಟಾರ್ಚನ್ನು ಚಾರ್ಜ್ ಮಾಡಿ, ಹೊತ್ತಿಸಿ ಮೇಜಿನ ಮೇಲಿಟ್ಟ. ಊಟ ಮುಗಿಯಿತು, ಎರಡು ಜಗಳ ರಾಜಿಯಾದವು, ಟಾರ್ಚ್ ಉರಿಯುತ್ತಲೇ ಇತ್ತು. ರೇಡಿಯೊ ಬೆನ್ನು ಬಗ್ಗಿಸಿ, ಗಂಟಲು ಸಡಿಲಿಸಿ, ದೊಡ್ಡಪ್ಪನಾದ.

"ನೋಡ್ತಾ ನೋಡ್ತಾ ಹಳದಿಯಾಯ್ತು..."

ಟಾರ್ಚ್ ಹಳದಿಯಾಗಲಿಲ್ಲ. ಬೆಳ್ಳಗೇ ಉರಿಯಿತು. ಕೊನೆಗೆ ಕಣ್ಣು ಮಿಟುಕಿಸಿ, ಬಾಗಿಲು ಹಾಕಿದಂತೆ ಫಕ್ಕನೆ ಆರಿತು. ಅಂಗೈಗೆ ತಟ್ಟಿದ. ಜೀವ ಬರಲಿಲ್ಲ.

"ಧ್ವನಿ ಚೆನ್ನಾಗೇ ಬಂತು ಸಾರ್," ಎಂದಳು ಕಾನ್‌ಸ್ಟೇಬಲ್. "ಟಾರ್ಚ್ ಮಾತ್ರ ಪಾತ್ರಕ್ಕೆ ಒಪ್ಪಲಿಲ್ಲ."

ರೇಡಿಯೊ ನಗಲಿಲ್ಲ. ಬಲ್ಬು ಕೆಂಪಾಗುತ್ತಾ ಸಾಯುವುದನ್ನು ಅವನೂ ನೋಡಿದ್ದ. ಚಿಕ್ಕಂದಿನಲ್ಲಿ, ಅಪ್ಪನ ಟಾರ್ಚಿನಲ್ಲಿ. ಮನುಷ್ಯ ಸುಳ್ಳನ್ನು ಹೊಸದಾಗಿ ಹೊಲಿಯುತ್ತಾನೆ, ಬಟ್ಟೆ ಮಾತ್ರ ಹಳೆಯದು.

ಆ ಬೆಳಕು ಸುಳ್ಳಾದರೆ, ಒಳಗಿದ್ದ ಚಾರ್ಜ್ ಎಲ್ಲಿಗೆ ಹೋಯಿತು? ಟಾರ್ಚಿನ ಬುಡ ನೋಡಿದ. ಅಲ್ಲಿ ಫೋನಿಗೆ ಚಾರ್ಜ್ ಕೊಡಲು ವೈರ್ ಸಿಕ್ಕಿಸುವ ಬಾಯಿಯೊಂದಿತ್ತು.

ಮಾಲೀಕನಿಗೆ ಫೋನ್ ಹಚ್ಚಿದ. "ಕರೆಂಟ್ ಬಂದ ಮೇಲೆ ನಿಮ್ಮ ದೊಡ್ಡಪ್ಪನ ಫೋನ್ ಎಲ್ಲಿತ್ತು?"

"ಟೇಬಲ್ ಮೇಲೆ. ಟಾರ್ಚಿಗೆ ವೈರ್ ಹಾಕಿಟ್ಟಿದ್ರು. ಸಂಜೆಗೆ ಮುಂಚೆ ಆ ಫೋನಲ್ಲೇ ನಾನೂ ಮಾತಾಡಿದೆ. ಯಾಕೆ ಸಾರ್?"

"ಬರ್ತೀನಿ ಇರಿ. ಡಾಕ್ಟರಮ್ಮನಿಗೂ ಬರೋಕೆ ಹೇಳಿ."

* * *

"ಅಂಗಡಿ ತುಂಬ ಗೋಡೆಗೆ ಪ್ಲಗ್ ಇದೆ, ಕರೆಂಟೂ ಬಂದಿತ್ತು," ಎಂದ ರೇಡಿಯೊ ತನ್ನದೇ ದನಿಯಲ್ಲಿ. "ಫೋನಿಗೆ ಟಾರ್ಚಿನಿಂದ ಯಾಕೆ ಉಣಿಸಿದ್ರಿ ದೊಡ್ಡಪ್ಪ? ಅದೂ ಆರಿಹೋದ ಟಾರ್ಚಿನಿಂದ?"

ಟಾರ್ಚನ್ನು ಕೌಂಟರಿನ ಮೇಲಿಟ್ಟ.

"ಕರೆಂಟ್ ಹೋದಾಗ ಇದು ತುಂಬಿತ್ತು. ಇದರ ಬೆಳಕಲ್ಲೇ ಬೀಗ ತೆಗೆದ್ರಿ. ಆಮೇಲೆ ಇದನ್ನ ಖಾಲಿ ಮಾಡಬೇಕಿತ್ತು. ಉರಿಸಿದರೆ ಕಣ್ಣಿಗೆ ಬೀಳುತ್ತೆ, ಫೋನಿಗೆ ಇಳಿಸಿದರೆ ಯಾರೂ ಕೇಳಲ್ಲ. ಎಲ್ಲ ಸರಿಹೋಯ್ತು. ಇದು ಆರೋದು ಹೇಗಿರುತ್ತೆ ಅನ್ನೋದು ಮಾತ್ರ ನಿಮಗೆ ಗೊತ್ತಿರಲಿಲ್ಲ. ಒಳಗಿರೋದು ಲಿಥಿಯಂ ಬ್ಯಾಟರಿ. ಈ ಟಾರ್ಚು ಕೊನೆವರೆಗೂ ಬೆಳ್ಳಗಿದ್ದು ಒಂದೇ ಸಲ ಕೈ ಕೊಡುತ್ತೆ. ನೀವು ಅದನ್ನ ನೋಡೇ ಇಲ್ಲ. ಯಾಕೆ? ಈ ಟಾರ್ಚು ಅಂಗಡಿಗೆ ಬಂದದ್ದೇ ಈ ಹುಡುಗಿ ಸೇರಿದ ಮೇಲೆ; ಒಂದು ದಿನಾನೂ ಅದು ಆರೋಕೆ ಅವಳು ಬಿಟ್ಟಿಲ್ಲ."

ದೊಡ್ಡಪ್ಪ ಎದ್ದು ಒಳಗೆ ಹೋದರು. ಉದ್ದನೆಯ ಗೋಡೆ ಗಡಿಯಾರವೊಂದರ ಬಾಗಿಲು ತೆಗೆದು, ಲೋಲಕದ ಹಿಂದೆ ಕೈ ಹಾಕಿದರು. ಜೇಬುಗಡಿಯಾರ ತಂದು ಕೌಂಟರಿನ ಮೇಲಿಟ್ಟಾಗ ಸರಪಳಿ ಗಲಗಲ ಅಂದಿತು.

"ಮಾರೋಕಲ್ಲ ಮಗಾ," ಎಂದರು ಮಾಲೀಕನಿಗೆ. "ಇಂಥ ಗಡಿಯಾರ ಬಂದರೆ ಮೊದಲು ನೀನು ನನ್ನ ಮುಂದೆ ಇಡ್ತಿದ್ದೆ. ಈ ಸಲ ನನ್ನ ಮುಂದೆಯೇ ಹಾದುಹೋಗಿ ಅವಳಿಗೆ ಕೊಟ್ಟೆ. ಅವಳು ಹೋದರೆ ಮತ್ತೆ ನನ್ನ ಹತ್ರ ಬರ್ತೀಯ ಅಂದುಕೊಂಡೆ."

ಮಾಲೀಕ ಹುಡುಗಿಯತ್ತ ತಿರುಗಿದ. "ತಪ್ಪಾಯ್ತಮ್ಮ. ದುಡುಕಿದೆ. ನಾಳೆಯಿಂದ..."

"ನಾಳೆ ವಿಷಯ ಆಮೇಲೆ ಸಾರ್. ಕಳ್ಳಿ ಅಂದಾಗ ಡಾಕ್ಟರಮ್ಮ ಇಲ್ಲೇ ನಿಂತಿದ್ರು. ನನ್ನ ಕಿವಿಗೆ ಹೇಳಿದರೆ ಏನು ಬಂತು?"

ಮಾಲೀಕ ಬಾಯಿ ತೆರೆದ. ದೊಡ್ಡಪ್ಪ ಕೈ ಅಡ್ಡ ಹಿಡಿದರು. ಡಾಕ್ಟರಮ್ಮನ ಎದುರು ನೆಟ್ಟಗೆ ನಿಂತರು.

"ಕದ್ದದ್ದು ನಾನು," ಎಂದರು. "ಈ ಮಗು ಅಲ್ಲ."

ಡಾಕ್ಟರಮ್ಮ ಗಡಿಯಾರವನ್ನು ಕಿವಿಗೆ ಹಿಡಿದರು. ಆಮೇಲೆ ಅದನ್ನು ಚೀಲಕ್ಕೆ ಹಾಕಿಕೊಳ್ಳದೆ ಹುಡುಗಿಯ ಮೇಜಿನ ಮೇಲಿಟ್ಟರು.

"ನಿಂತುಬಿಟ್ಟಿದೆ ಕಣಮ್ಮ. ನೀನೇ ನೋಡು. ಅವಸರ ಇಲ್ಲ."