ಗೆದ್ದಲುಹುಲಿ ತಿಂದ ಓಲೆಗಳು

ಬಹಳ ಹಿಂದೆ, ಏಳು ಹೊಳೆಗಳು ಸೇರುವಲ್ಲಿ ಒಂದು ರಾಜ್ಯವಿತ್ತು. ಅಲ್ಲಿ ಕತೆ ಬರೆದವರು ತಮ್ಮ ಓಲೆಯನ್ನು ಅರಮನೆಯ ಮುಂದಿನ ಆಲದ ಮರಕ್ಕೆ ಕಟ್ಟುತ್ತಿದ್ದರು. ಓದಿದವರಿಗೆ ತಕರಾರಿದ್ದರೆ ಇನ್ನೊಂದು ಓಲೆಯಲ್ಲಿ ಬರೆದು ಅದರ ಪಕ್ಕಕ್ಕೇ ಕಟ್ಟುತ್ತಿದ್ದರು. ಆಮೇಲೆ ಬಂದವರು ಎರಡನ್ನೂ ಓದುತ್ತಿದ್ದರು.

ಕರಿಗಣ್ಣ ಎಂಬ ಮಾಂತ್ರಿಕ ಮಂತ್ರಿಯಾದ ಮೇಲೆ ಇದು ನಿಂತಿತು. ಅವನು ಹುತ್ತದ ಮಣ್ಣಿನಿಂದ ಒಂದು ಹುಲಿ ಮಾಡಿದ. "ಯಾವ ಓಲೆಗೆ ತಕರಾರು ಕಟ್ಟಿದೆಯೋ ಅದನ್ನು ಗೆದ್ದಲುಹುಲಿ ತಿನ್ನತಕ್ಕದ್ದು" ಎಂಬ ಆಜ್ಞೆಯನ್ನು ಓಲೆಯಲ್ಲಿ ಬರೆದು, ಹುಲಿಯ ಪ್ರಾಣವನ್ನು ಅದರಲ್ಲೇ ಇಟ್ಟು, ಆ ಮರಕ್ಕೇ ಕಟ್ಟಿದ. ಯಾರು ಎಳೆದರೂ ಅದು ಕಿತ್ತು ಬರುತ್ತಿರಲಿಲ್ಲ. ಹುಲಿ ತಿಂದ ಕತೆಯಲ್ಲಿದ್ದವರನ್ನು ಮೂರನೆಯ ಸೂರ್ಯಾಸ್ತಕ್ಕೆ ಲೋಕವೇ ಮರೆಯುತ್ತಿತ್ತು.

ಸೋವಣ್ಣ ಎಂಬ ತರುಣ, ಹೊಳೆಯಲ್ಲಿ ತೀರಿಹೋದ ಕೆಂಚಿ ಎಂಬ ಹುಡುಗಿಯ ಕತೆ ಬರೆದು ಕಟ್ಟಿದ. ಕೆಂಚಿಯ ತಾಯಿ ಅಂಬಕ್ಕ ಅದನ್ನು ಎರಡು ಸಲ ಓದಿದಳು. ಮಗಳು ಹೋದ ಮೇಲೆ ಅವಳು ಮನೆಯಿಂದ ಹೊರಗೆ ಬಂದದ್ದು ಅದೇ ಮೊದಲು. ಆಜ್ಞೆಯ ವಿಷಯ ಅವಳಿಗೆ ಗೊತ್ತಿರಲಿಲ್ಲ. "ನನ್ನ ಮಗಳು ಕಾಲು ಜಾರಿ ಬೀಳಲಿಲ್ಲ. ಕರುವನ್ನು ಉಳಿಸಲು ತಾನಾಗಿ ಇಳಿದಳು" ಎಂದು ಬರೆದು ಪಕ್ಕಕ್ಕೆ ಕಟ್ಟಿದಳು.

ಹುಲಿ ಬಂತು, ಓಲೆ ತಿಂದಿತು, ಹೋಯಿತು.

"ನನ್ನ ಕತೆಯನ್ನು ಕೊಂದೆಯಲ್ಲಕ್ಕಾ!" ಎಂದ ಸೋವಣ್ಣ.

"ಒಂದು ಸಾಲು ತಿದ್ದು ಅಂದೆನಪ್ಪ. ಹುಲಿಗೆ ಹಾಕು ಅಂದೆನೇ?" ಎಂದಳು ಅಂಬಕ್ಕ.

ಮೊದಲನೆಯ ದಿನ ಅವಳು ಕರಿಗಣ್ಣನ ಬಳಿ ಹೋಗಿ, ತಕರಾರು ವಾಪಸ್ ಪಡೆಯುತ್ತೇನೆ, ಕತೆ ಕೊಡಿ ಎಂದು ಬೇಡಿದಳು. ಅವನು ನಕ್ಕ. "ದೂರಿದವಳು ನೀನು. ತಿಂದದ್ದು ಹುಲಿ. ನನ್ನ ಕೈ ನೋಡು, ಎಷ್ಟು ಚೊಕ್ಕಟ!" ಸಂಜೆಗೆ ಅವಳು ಮಗಳ ದನಿಯನ್ನು ಮರೆತಳು.

ಎರಡನೆಯ ದಿನ ಸೋವಣ್ಣ ಆ ಸಾಲನ್ನು ತಿದ್ದಿ ಕತೆಯನ್ನು ಮತ್ತೆ ಬರೆದು ಕಟ್ಟಿದ. ಊರಿಗೆ ಊರೇ ತುಟಿ ಬಿಗಿದು ಓದಿತು. ಕತೆಯಲ್ಲಿ ತನ್ನ ದೋಣಿಗೆ ಎರಡು ಹುಟ್ಟು ಎಂದಿದ್ದುದನ್ನು ಕಂಡು, ದೋಣಿ ನಡೆಸುವ ಈರಜ್ಜನಿಗೆ ಮಾತ್ರ ತಡೆಯಲಾಗಲಿಲ್ಲ. ಇಷ್ಟು ಚಿಕ್ಕದಕ್ಕೆ ಹುಲಿ ಬಂದೀತೇ ಎಂದುಕೊಂಡು, "ನನ್ನ ದೋಣಿಗೆ ಇರುವುದು ಒಂದೇ ಹುಟ್ಟು, ಎರಡಲ್ಲ" ಎಂದು ಬರೆದು ಕಟ್ಟಿಯೇಬಿಟ್ಟ.

ಹುಲಿ ಬಂತು, ಓಲೆ ತಿಂದಿತು, ಹೋಯಿತು.

"ನಿಮ್ಮೆಲ್ಲರ ಬಾಯಿಗೆ ಬೀಗ ಹಾಕಿಸಬೇಕು!" ಎಂದು ಕೂಗಿದ ಸೋವಣ್ಣ.

"ತಪ್ಪಾಯಿತು ಮಗಾ. ಆದರೆ ಮಂತ್ರಿಗಳಿಗೂ ಬೇಕಾಗಿರುವುದು ಅದೇ ಅಲ್ಲವೇ?" ಎಂದ ಈರಜ್ಜ.

ಸೋವಣ್ಣ ತಲೆ ತಗ್ಗಿಸಿದ. ಸಂಜೆಗೆ ಅಂಬಕ್ಕ ಮಗಳ ಮುಖವನ್ನು ಮರೆತಳು.

ಮೂರನೆಯ ದಿನ ಉಳಿದದ್ದು ಹೆಸರೊಂದೇ. ಅಂಬಕ್ಕ ಮರದ ಕೆಳಗೆ ಕುಳಿತು, "ಕೆಂಚಿ, ಕೆಂಚಿ" ಎನ್ನುತ್ತಲೇ ಇದ್ದಳು. ಸೂರ್ಯ ಇಳಿಯುತ್ತಿದ್ದ. ಸೋವಣ್ಣ ಮರವನ್ನೇ ನೋಡುತ್ತಿದ್ದವನು ತಟ್ಟನೆ ಎದ್ದ.

"ಅಕ್ಕಾ, ಆ ಆಜ್ಞೆಯೂ ಓಲೆಯೇ ಅಲ್ಲವೇ? ಅದರ ಮೇಲೆ ನಿನಗೆ ತಕರಾರಿಲ್ಲವೇ?"

"ಇಲ್ಲದೆ ಏನು!"

ಅವಳು ಬರೆದಳು: "ಓದಿದವರು ಹೇಳಲಿ. ಬರೆದವರು ಕೇಳಲಿ, ಬಿಡಲಿ. ನಡುವೆ ತಿನ್ನುವವರು ಬೇಡ." ಅದನ್ನು ಆಜ್ಞೆಯ ಪಕ್ಕಕ್ಕೆ ಕಟ್ಟಿದಳು.

"ಬಿಚ್ಚು! ಬಿಚ್ಚೇ ಅದನ್ನು!" ಕರಿಗಣ್ಣ ಬರಿಗಾಲಲ್ಲಿ ಓಡಿಬಂದ. ಆದರೆ ಹುಲಿಗೆ ಗೊತ್ತಿದ್ದದ್ದು ಆಜ್ಞೆಯೊಂದೇ. ಅದು ಬಂತು, ಆಜ್ಞೆಯನ್ನೇ ತಿಂದಿತು, ನಿಂತಲ್ಲೇ ಮಣ್ಣಾಗಿ ಕುಸಿಯಿತು. ಅದು ತಿಂದಿದ್ದ ಕತೆಯೋಲೆಗಳೆಲ್ಲ ಹಕ್ಕಿಗಳಂತೆ ಎದ್ದು ಕೊಂಬೆಗಳಿಗೆ ಮರಳಿದವು. ಆ ಮಣ್ಣು ಕಾಲಿನಿಂದ ಮೇಲೇರಿ ಕರಿಗಣ್ಣ ಹುತ್ತವಾದ.

"ಮುಂದಿನ ಹಲ್ಲು ಬಿದ್ದಿತ್ತು ಅವಳಿಗೆ," ಎಂದಳು ಅಂಬಕ್ಕ. "ನಗುವಾಗ ಕೈ ಅಡ್ಡ ಹಿಡಿಯುತ್ತಿದ್ದಳು."

ಸೋವಣ್ಣ ತಿದ್ದಿದ ಕತೆಯಲ್ಲಿ ಅದನ್ನೂ ಬರೆದ. ಹುಟ್ಟು ಮಾತ್ರ ಎರಡೇ ಉಳಿದವು. "ಕತೆಯ ದೋಣಿಗೆ ಎರಡಿರಲಿ ಅಜ್ಜ" ಎಂದ. ಈರಜ್ಜ ತನ್ನ ತಕರಾರನ್ನು ಬಿಚ್ಚಲಿಲ್ಲ. ಗಾಳಿ ಬಂದಾಗ ಎರಡೂ ಓಲೆಗಳು ಒಟ್ಟಿಗೆ ತೂಗುತ್ತಿದ್ದವು. ಅವುಗಳ ಕೆಳಗೆ ಆ ರಾಜ್ಯದವರು ಬರೆಯುತ್ತ, ಓದುತ್ತ, ಜಗಳವಾಡುತ್ತ ಬಹುಕಾಲ ಸುಖವಾಗಿದ್ದರು.