ನೆರಳು ತಪ್ಪಿದ ಫೋಟೊ

"ಮುಚ್ಚಿ! ಮೊದ್ಲು ಮುಚ್ಚಿ!"

ರುದ್ರಾಣಿ ಬೆಚ್ಚಿಬಿದ್ದಳು. ಸ್ಟುಡಿಯೊದ ಸೋಮಶೇಖರ್ ಕೌಂಟರ್ ದಾಟಿ ಬಂದವನೇ ಅವಳ ಕೈ, ಕ್ಯಾಮೆರಾ ಎರಡನ್ನೂ ಸೇರಿಸಿ ಹಿಡಿದುಕೊಂಡ. ಅವಳು ಮಾಡಿದ್ದಿಷ್ಟೇ. ರೀಲು ಮುಗಿಯಿತೋ ಇಲ್ಲವೋ ನೋಡೋಣವೆಂದು ಹಗಲು ಬೆಳಕಿನಲ್ಲೇ ಕ್ಯಾಮೆರಾದ ಹಿಂಬದಿಯ ಮುಚ್ಚಳ ತೆರೆದಿದ್ದಳು.

"ಬೆಳಕು ಬಿದ್ದು ಎಲ್ಲಾ ಹೋಯ್ತಾ ಸಾರ್?"

"ಒಳಗೆ ಸುತ್ಕೊಂಡಿರೋದು ಉಳಿದಿರುತ್ತೆ ಬಿಡಿ," ಎಂದ ಅವನು. ಯಾರ ಕೈ ಹಿಡಿದಿದ್ದೇನೆಂಬುದು ಆಮೇಲೆ ಹೊಳೆದು ಥಟ್ಟನೆ ಬಿಟ್ಟ.

ಇದು ಎರಡು ಸಾವಿರದ ಮೂರರ ಮಾತು. ನಂಜನಗೂಡಿನ ಬಸ್ ಸ್ಟ್ಯಾಂಡ್ ಹಿಂದಿನ ಸ್ಟುಡಿಯೊ. ಬಿ.ಕಾಂ. ಮುಗಿಸಿ, ಗಂಡು ಗೊತ್ತಾಗುವ ತನಕ ಮನೆಯಲ್ಲಿದ್ದ ರುದ್ರಾಣಿಗೆ ಸೋದರಮಾವ ಕೊಟ್ಟ ಹಳೆಯ ಕ್ಯಾಮೆರಾದ ಹುಚ್ಚು ಹಿಡಿದಿತ್ತು. ಅಕ್ಕಿ ಮಂಡಿಯ ಪುಟ್ಟಬಸವಯ್ಯನವರು ಮಗಳ ಹಟಕ್ಕೆ ಸೋತು, ಹೊಲಿಗೆ ಕಲಿಯುವ ಬದಲು ಇದನ್ನೇ ಕಲಿಯಲಿ ಎಂದರು. ಸೋಮಶೇಖರನೂ ಅವರದೇ ಮಠದ ಒಕ್ಕಲು, ನಂಬಿಕಸ್ಥ. ಹಾಗಂತ ಫೋಟೊ ತೆಗೆಯುವವನನ್ನು ಯಾರಾದರೂ ಅಳಿಯ ಎಂದುಕೊಳ್ಳುತ್ತಾರೆಯೇ? ಅವರ ತಲೆಗೆ ಅದು ಬರಲೇ ಇಲ್ಲ.

ಮಗಳ ತಲೆಗೆ ಮಾತ್ರ ಬಂದುಬಿಟ್ಟಿತ್ತು.

ಅವನು ಕ್ಯಾಮೆರಾ ಹಿಡಿಯುವುದನ್ನು ಕಲಿಸಿದ, ಆಮೇಲೆ ಕಂಪ್ಯೂಟರಿನಲ್ಲಿ ಫೋಟೊಶಾಪ್. ಮೊಡವೆ ಅಳಿಸುವುದು, ಒಂದು ಫೋಟೊದಲ್ಲಿದ್ದವರನ್ನು ಕತ್ತರಿಸಿ ಇನ್ನೊಂದರಲ್ಲಿ ನಿಲ್ಲಿಸುವುದು... "ಬೆಳಕು ಯಾವ ಕಡೆಯಿಂದ ಬರ್ತಿದೆ ಅಂತ ಮೊದ್ಲು ನೋಡ್ಕೊಳಿ. ಮುಖ ಹೆಂಗಾದ್ರೂ ಸೇರಿಸ್ಬೋದು, ನೆರಳು ಮಾತ್ರ ಹೇಳಿದ ಮಾತು ಕೇಳಲ್ಲ," ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ನಮ್ಮ ಹುಡುಗಿ ದನಿಯನ್ನಷ್ಟೇ ಕೇಳಿಸಿಕೊಂಡಳು, ಪಾಠವನ್ನಲ್ಲ.

ಐದು ತಿಂಗಳು ಕಳೆಯಿತು. ಟಿ. ನರಸೀಪುರದ ಒಂದು ಮನೆಯವರು ಹುಡುಗಿಯ ಫೋಟೊ ಕೇಳಿದರು.

ಆ ಫೋಟೊ ತೆಗೆದವನೂ ಸೋಮಶೇಖರನೇ. ಕಿಟಕಿಯ ಪಕ್ಕ ನಿಲ್ಲಿಸಿ ಮೂರು ಸಲ ಕ್ಲಿಕ್ಕಿಸಿದ. ಬೇಡ ಅನ್ನಲಿಲ್ಲ, ಯಾಕೆ ಅನ್ನಲಿಲ್ಲ. ಸ್ಕ್ಯಾನ್ ಮಾಡಿ, ಹಣೆಯ ಮೇಲಿನ ಕೂದಲೆಳೆಯನ್ನೂ ಬಿಡದೆ ತಿದ್ದಿದ. "ಒಳ್ಳೆ ಸಂಬಂಧ ಅಂತೆ," ಎಂದ, ಅವಳ ಮುಖ ನೋಡದೆ.

ಇಷ್ಟೇನಾ? ಇವರಿಗೆ ನಾನು ಬರೀ ಒಂದು ಫೋಟೊನಾ?

ಅವನು ಊಟಕ್ಕೆ ಹೋದಾಗ ಅವಳು ಕಂಪ್ಯೂಟರ್ ಮುಂದೆ ಕೂತಳು. ಕಪಿಲಾ ಹೊಳೆಯ ಮೆಟ್ಟಿಲ ಮೇಲೆ ತಾನೇ ತೆಗೆದಿದ್ದ ಅವನ ಚಿತ್ರವನ್ನು ಕತ್ತರಿಸಿ ತನ್ನ ಪಕ್ಕದಲ್ಲಿ ನಿಲ್ಲಿಸಿದಳು. ಬದುಕಿನಲ್ಲಿ ಆಗದ್ದು ಇಲ್ಲಾದರೂ ಆಗಲಿ ಎಂದು ಕಣ್ತುಂಬ ನೋಡಿದಳು. ಹೊರಗೆ ಅವನ ಸೈಕಲ್ ನಿಂತ ಸದ್ದಾಯಿತು. ಗಾಬರಿಯಲ್ಲಿ ಸೇವ್ ಮಾಡಿ ಎದ್ದಳು. ಅದು ತನ್ನ ಮೂರು ಫೋಟೊ ಇದ್ದ ಫೋಲ್ಡರಿನಲ್ಲೇ ಹೋಗಿ ಕೂತಿದ್ದನ್ನು ಗಮನಿಸಲಿಲ್ಲ.

ಸಂಜೆ ಅವನು ಆ ಫೋಲ್ಡರನ್ನು ಹಾಗೇ ಸಿಡಿಗೆ ಹಾಕಿ ಮೈಸೂರಿನ ಲ್ಯಾಬಿಗೆ ಬಸ್ಸಿನಲ್ಲಿ ಕಳಿಸಿದ. ಸಿಡಿಯಲ್ಲಿ ಇದ್ದಷ್ಟನ್ನೂ ಪ್ರಿಂಟ್ ಹಾಕುವುದು ಲ್ಯಾಬಿನವರ ಪದ್ಧತಿ. ಮಾರನೆಯ ದಿನ ಅವನು ಬದನವಾಳಿನ ಮದುವೆಗೆ ಹೋಗಿದ್ದರಿಂದ, ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿಟ್ಟಿದ್ದ ಕವರನ್ನು ಪುಟ್ಟಬಸವಯ್ಯನವರೇ ಇಸಿದುಕೊಂಡರು. ಸಂಬಂಧ ತಂದಿದ್ದ ಕಲ್ಲಯ್ಯ ನರಸೀಪುರದ ಬಸ್ಸು ಹತ್ತುತ್ತಿದ್ದ; ಅವನ ಕೈಗೆ ಬಿಚ್ಚದೆಯೇ ಕೊಟ್ಟು ಮನೆಗೆ ಬಂದರು.

"ಮೂರು ತೆಗೆಸಿದ್ವಲ್ಲ, ಕವರ್ ಮೇಲೆ ನಾಕು ಅಂತ ಬರ್ದಿತ್ತು ಕಣವ್ವ. ಒಂದು ಹೆಚ್ಗೆ ಕೊಟ್ಟವ್ನೆ ಪಾಪ."

ನಾಲ್ಕು...

ರುದ್ರಾಣಿ ಬಸ್ ಸ್ಟ್ಯಾಂಡಿಗೆ ಓಡಿದಳು. ನರಸೀಪುರದ ಬಸ್ಸು ಹೋಗಿ ಅರ್ಧ ಗಂಟೆಯಾಗಿತ್ತು.

ಮುಂದಿನ ಎರಡು ದಿನ ಅವಳು ಅನ್ನ ಮುಟ್ಟಲಿಲ್ಲ. ಸ್ಟುಡಿಯೊಗೆ ಹೋಗಿ ಹೇಳಿಬಿಡಬೇಕೆಂದು ಅವನ ಮುಂದೆ ಕೂತು, ನಾಚಿಕೆಯಿಂದ ಬಾಯಿ ಬಾರದೆ ಎದ್ದು ಬಂದಳು. ಹೇಳಿದರೂ ಅವನೇನು ಮಾಡಿಯಾನು?

ಮೂರನೆಯ ದಿನ ಮಂಡಿಗೆ ಫೋನ್ ಬಂತು. ಮದುವೆಯಾದ ಹುಡುಗಿಯನ್ನು ನಮಗೇಕೆ ತೋರಿಸುತ್ತಿದ್ದೀರಿ ಎಂದರಂತೆ ಅವರು. ಹಿಂದೆಯೇ ಕಲ್ಲಯ್ಯ ಕವರು ತಂದು ಮೇಜಿನ ಮೇಲಿಟ್ಟು, ಕೂರದೆ ಹೋದ.

ಪುಟ್ಟಬಸವಯ್ಯನವರು ಮಗಳನ್ನು ಕರೆದುಕೊಂಡು ನೇರ ಸ್ಟುಡಿಯೊಗೆ ಬಂದರು. ಆ ನಾಲ್ಕನೆಯ ಫೋಟೊವನ್ನು ಕೌಂಟರಿನ ಮೇಲೆ ಹಾಕಿದರು.

"ಇದ ಯಾರು ಮಾಡಿದ್ದು?"

ಸೋಮಶೇಖರ್ ಫೋಟೊವನ್ನು ಕೈಗೆತ್ತಿಕೊಂಡ. ಬಹಳ ಹೊತ್ತು ನೋಡಿದ. ರುದ್ರಾಣಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

"ನಾನೇ ಸಾರ್. ತಪ್ಪಾಯ್ತು."

ಪುಟ್ಟಬಸವಯ್ಯನವರು ನಂಬಿ ಕಳಿಸಿದ್ದಕ್ಕೆ ಇದಾ ಪ್ರತಿಫಲ ಎಂದರು. ಊರಿನವರಿಗೆಲ್ಲ ಹೇಳುತ್ತೇನೆ, ಇನ್ನು ಒಂದು ಹೆಣ್ಣುಮಗಳು ಈ ಮೆಟ್ಟಿಲು ಹತ್ತಿದರೆ ಕೇಳು ಎಂದರು. ಅವನು ತಲೆ ತಗ್ಗಿಸಿ ನಿಂತೇ ಇದ್ದ.

ಸುಮ್ಮನಿದ್ದರೆ ತಾನು ಉಳಿಯುತ್ತೇನೆ... ಅವನು ಬೀದಿಗೆ ಬೀಳುತ್ತಾನೆ.

"ಅಪ್ಪಾಜಿ, ಅದು ನಾನು ಮಾಡಿದ್ದು."

"ನೀನು ಸುಮ್ನಿರವ್ವ. ಅವ್ನೇ ಒಪ್ಕೊಂಡವ್ನೆ."

"ಫೋಟೊ ನೋಡಿ ಅಪ್ಪಾಜಿ. ನನ್ ಮುಖಕ್ಕೆ ಎಡಗಡೆಯಿಂದ ಬೆಳಕು ಬಿದ್ದೈತೆ, ಅವ್ರಿಗೆ ಬಲಗಡೆಯಿಂದ. ಇವರು ಮಾಡಿದ್ರೆ ಹಿಂಗೆ ಆಗ್ತಿತ್ತಾ? ಕಲೀತಿರೋಳು ಮಾಡೋ ತಪ್ಪು ಇದು." ಫೋಟೊವನ್ನು ಅಪ್ಪನ ಕಡೆ ಸರಿಸಿದಳು. "ಇವರಿಗೆ ಏನೂ ಗೊತ್ತಿಲ್ಲ. ಇಷ್ಟಪಟ್ಟೋಳು ನಾನು."

ಹೇಳಿಯೇಬಿಟ್ಟಳು! ಪುಟ್ಟಬಸವಯ್ಯನವರು ಫೋಟೊವನ್ನು ಕಿಟಕಿಯ ಹತ್ತಿರ ಒಯ್ದು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕುಸಿದರು. ಆ ಹೊತ್ತಿನಲ್ಲಿ ಅಪ್ಪ ಮಗಳಿಗೆ ಬಹಳ ವಯಸ್ಸಾದವರಂತೆ ಕಂಡರು.

"ಮಾಡ್ದೆ ಇರೋದ ಯಾಕಯ್ಯ ಒಪ್ಕೊಂಡೆ?"

ಅವನು ಒಮ್ಮೆ ಅವಳ ಕಡೆ ನೋಡಿದ, ಅಷ್ಟೇ.

ಪುಟ್ಟಬಸವಯ್ಯನವರು ಎದ್ದು ಫೋಟೊವನ್ನು ಜೇಬಿಗಿಟ್ಟುಕೊಂಡರು. "ಇದ ಇನ್ಯಾರ್ಗೂ ತೋರ್ಸಂಗಿಲ್ಲ," ಎಂದರು. ಬಾಗಿಲಲ್ಲಿ ನಿಂತು, ಹಿಂದೆ ತಿರುಗದೆ, "ಭಾನ್ವಾರ ನಿಮ್ಮವ್ವನ್ನ ಕರ್ಕೊಂಡ್ ಮನೆಗೆ ಬಾ," ಎಂದು ಬೀದಿಗಿಳಿದರು.

ಇಬ್ಬರೇ ಉಳಿದರು. ಅವಳ ಕಣ್ಣೀರು ನಿಲ್ಲಲೇ ಇಲ್ಲ.

"ಯಾಕ್ ಸುಳ್ಳು ಹೇಳಿದ್ರಿ?"

"ನೆರಳು ನೋಡಿದ ತಕ್ಷಣ ಯಾರು ಮಾಡಿದ್ದು ಅಂತ ಗೊತ್ತಾಯ್ತು. ಎರಡು ದಿನದಿಂದ ನೀವು ಯಾಕೆ ಹಂಗೆ ಬಂದು ಕೂತ್ಕೊಂಡು ಹೋಗ್ತಿದ್ರಿ ಅಂತಾನೂ ಗೊತ್ತಾಯ್ತು."

"ಆ ದಿನ ಒಳ್ಳೆ ಸಂಬಂಧ ಅಂದ್ರಲ್ಲ..."

"ಇನ್ನೇನ್ ಅನ್ಲಿ? ಮಂಡಿ ಸಾಹುಕಾರ್ರ ಮಗಳನ್ನ ಕೇಳೋಕೆ ನನ್ ಹತ್ರ ಏನಿತ್ತು?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಫೋಟೊ ಅಷ್ಟು ಕೆಟ್ಟದಾಗಿತ್ತಾ ಸಾರ್?"

"ನೆರಳೊಂದೇ ತಪ್ಪು," ಎಂದ ಅವನು. "ಮಿಕ್ಕಿದ್ದೆಲ್ಲ ಸರಿಯಾಗೇ ಇತ್ತು."