ಬಲಗಿವಿಯ ದನಿ

ಗೋಕಾಕದಲ್ಲಿ ಸಣ್ಣ ರೆಕಾರ್ಡಿಂಗ್ ಸ್ಟುಡಿಯೊ ಇಟ್ಟುಕೊಂಡಿರುವ ಶಿವಾನಂದನಿಗೆ ಹೋದ ಬೇಸಿಗೆಯ ಒಂದು ಮಧ್ಯಾಹ್ನ ಆದದ್ದು ಇದು. ಹೆಂಡತಿ ಅನ್ನಪೂರ್ಣಾ ಮದುವೆಗೆ ಮುಂಚೆ ಕುಲಗೋಡದಲ್ಲಿ ಹಾಡಿದ್ದ ಭಜನೆಯೊಂದು ಅವಳ ಹಳೆಯ ಫೋನಿನಲ್ಲಿ ಸಿಕ್ಕಿತು. ಆಗೆಲ್ಲ ಅವಳ ಜೊತೆ ಹಾಡುತ್ತಿದ್ದವನು ಸೋಮಲಿಂಗ. ಅವನು ತೀರಿಕೊಂಡು ಮೂರು ವರ್ಷವಾಗಿದ್ದರೂ ಹೆಸರು ಕೇಳಿದರೆ ಶಿವಾನಂದನ ಹೊಟ್ಟೆ ಉರಿಯುತ್ತಿತ್ತು. ಮದುವೆಯಾದ ಮೇಲೆ ಅವಳು ಒಂದು ಸಾಲೂ ಹಾಡಿರಲಿಲ್ಲ. ಇದರಲ್ಲಿ ಅವಳೊಬ್ಬಳದೇ ದನಿಯಿತ್ತು. ಅದಕ್ಕೇ ಅವನು ಆಸೆಯಿಂದ ಕೆಲಸಕ್ಕೆ ಕೂತ.

ಎರಡೂ ಕಿವಿಗೆ ಒಂದೇ ಆಗಿ ಬರುವ ಮೋನೊ ದನಿ ನಡುನೆತ್ತಿಯಲ್ಲಿ ಸಿಕ್ಕಿಕೊಂಡಂತೆ ಕೇಳುತ್ತಿತ್ತು. ಅದನ್ನು ಸ್ಟೀರಿಯೊದಂತೆ ಹರಡಲು ಒಂದು ನಕಲು ಮಾಡಿ, ಮೂಲವನ್ನು ಎಡಕ್ಕೂ ನಕಲನ್ನು ಬಲಕ್ಕೂ ಇಟ್ಟು, ಬಲದ್ದನ್ನು ಕೂದಲೆಳೆಯಷ್ಟು ತಡಮಾಡಿದ. ಹಾಡು ಅಗಲವಾಯಿತು. ಆದರೆ ಪ್ರತಿ ಸಾಲಿನ ಕೊನೆಗೆ ಬಲಗಿವಿಯಲ್ಲಿ ಗಂಡಸೊಬ್ಬ ಮೆಲ್ಲಗೆ ದನಿಗೂಡಿಸುತ್ತಿದ್ದ. ನಕಲು ಅಳಿಸಿ ಹೊಸದು ಮಾಡಿದರೂ ಅದೇ. ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡರೆ ಆ ದನಿ ಎಡಗಿವಿಗೆ ಬರಬೇಕಿತ್ತು, ಬಲಗಿವಿಯಲ್ಲೇ ಉಳಿಯಿತು. ಆ ಕಿವಿಯೊಂದೇ ತಣ್ಣಗಾಗಿತ್ತು.

ಅನ್ನಪೂರ್ಣಾಳನ್ನು ಕರೆದು ಕೇಳಿದ, “ಅವತ್ತ ನಿನ್ನ ಬಾಜೂಕ ಯಾರಿದ್ರು? ಖರೆ ಹೇಳು.”

“ಯಾರೂ ಇರಲಿಲ್ರಿ. ಅವರು ತೀರಿಕೊಂಡ ವಾರ, ಒಬ್ಬಾಕಿನ ಕುಂತು ಹಾಡಿದ್ದೆ.”

ಅವಳು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದಳು. “ಇನ್ನೂ ಅಲ್ಲೇ ಶ್ರುತಿ ತಪ್ಪತಾರ,” ಎಂದು ನಕ್ಕಳು. ಆ ನಗು ಶಿವಾನಂದನಿಗೆ ಒಂದು ದಿನವೂ ಸಿಕ್ಕಿರಲಿಲ್ಲ. ಸಿಟ್ಟಿನಿಂದ ಹೆಡ್‌ಫೋನಿನ ವೈರು ಕಿತ್ತೆಸೆದ.

ಅವಳು ಹೆಡ್‌ಫೋನ್ ತೆಗೆಯಲಿಲ್ಲ. ಬಾಯಿಬಿಟ್ಟು ಹಾಡತೊಡಗಿದಳು. ಪ್ರತಿ ಸಾಲಿನ ಕೊನೆಗೆ, ಇನ್ನೊಬ್ಬರು ಹಾಡಿ ಮುಗಿಸುವಷ್ಟು ಹೊತ್ತು ತಡೆದು, ತಲೆಯಾಡಿಸಿ, ಮುಂದಿನ ಸಾಲು ಎತ್ತಿಕೊಳ್ಳುತ್ತಿದ್ದಳು.